ಓದಲು ತಡವರಿಸುವ ಮಕ್ಕಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಾಥಮಿಕ ಶಾಲೆಯ ಮಕ್ಕಳ ಓದಿನ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ನನ್ನ ಮೂರನೆಯ ತರಗತಿಯಲ್ಲಿ 28 ಮಕ್ಕಳಿದ್ದಾರೆ. ಹತ್ತು ಮಕ್ಕಳಿಗೆ ಓದು ಬರುವುದಿಲ್ಲ. ಇವರಿಗೆಲ್ಲ ಮತ್ತೆ ಅ ಆ ಇ ಈ ಇಂದಲೇ ಶುರು ಮಾಡಬೇಕೇನ್ರಿ?
– ಶಿಕ್ಷಕಿ, ಗೋಕಾಕ ತಾಲೂಕು

ಬೇಡ. ‘ಓದು ಬರುವುದಿಲ್ಲ’ ಅನ್ನುವ ಒಂದು ಮಾತಿನೊಳಗೆ ಬೇರೆ ಬೇರೆ ತೊಡಕುಗಳಿರುತ್ತವೆ. ಒಬ್ಬನಿಗೆ ಮೂಲಾಕ್ಷರವೇ ಗೊತ್ತಿಲ್ಲ, ಇನ್ನೊಬ್ಬಳು ಗುಣಿತಾಕ್ಷರದಲ್ಲಿ ನಿಂತಿದ್ದಾಳೆ, ಮತ್ತೊಬ್ಬನಿಗೆ ಒತ್ತಕ್ಷರ ಬಂದಲ್ಲಿ ಎಡವಟ್ಟು. ನಾಲ್ಕನೆಯವಳು ಎಲ್ಲವನ್ನೂ ಓದುತ್ತಾಳೆ, ಏನು ಓದಿದೆ ಅಂದರೆ ಬಾಯಿ ತೆರೆಯುವುದಿಲ್ಲ. ಎಲ್ಲರನ್ನೂ ಅ ಆ ಇ ಈಗೆ ಕೂರಿಸಿದರೆ ಮೂವರಿಗೆ ಬೇಸರ, ಒಬ್ಬನಿಗಷ್ಟೇ ಪಾಠ.

ಒಂದು ಹಾಳೆ ತಯಾರಿಸಿಕೊಳ್ಳಿ. ಮೊದಲ ಭಾಗದಲ್ಲಿ 20 ಮೂಲಾಕ್ಷರ, ವರ್ಣಮಾಲೆಯ ಸಾಲಿನಲ್ಲಲ್ಲ, ಕಲಸಿ ಬರೆಯಿರಿ. ಎರಡನೆಯದರಲ್ಲಿ ಬೇರೆ ಬೇರೆ ಅಕ್ಷರದಿಂದ ಆರಿಸಿದ 20 ಗುಣಿತಾಕ್ಷರ: ಮಿ, ಗೂ, ಸೆ, ತೋ, ರು ಹೀಗೆ. ಮೂರನೆಯದರಲ್ಲಿ ಒತ್ತಕ್ಷರದ 10 ಪದ. ಕೊನೆಗೆ ಪಠ್ಯಪುಸ್ತಕದಲ್ಲಿ ಇಲ್ಲದ 30–40 ಪದಗಳ ಒಂದು ಪರಿಚ್ಛೇದ, ಅದರ ಮೇಲೆ ಮೂರು ಪ್ರಶ್ನೆ. ಒಂದು ಮಗುವಿಗೆ ಆರೇಳು ನಿಮಿಷ ಸಾಕು, ಹತ್ತು ಮಕ್ಕಳನ್ನು ಎರಡು ದಿನದಲ್ಲಿ ಮುಗಿಸಬಹುದು. ವರಾಂಡದಲ್ಲಿ, ಉಳಿದ ಮಕ್ಕಳಿಗೆ ಕೇಳಿಸದಷ್ಟು ದೂರದಲ್ಲಿ ಕೂತುಕೊಳ್ಳಿ. ಒಂದು ಅಕ್ಷರಕ್ಕೆ ಐದು ಸೆಕೆಂಡು ಕಾಯಿರಿ, ಬರದಿದ್ದರೆ ಮುಂದಿನದಕ್ಕೆ ಹೋಗಿ. ಸತತ ಐದು ತಪ್ಪಾದರೆ ಆ ಭಾಗ ನಿಲ್ಲಿಸಿ.

ತಪ್ಪಾದಲ್ಲಿ ಬರೀ ಅಡ್ಡಗೆರೆ ಹಾಕಬೇಡಿ, ಮಗು ಏನು ಅಂದಿತೋ ಅದನ್ನೇ ಬರೆದುಕೊಳ್ಳಿ. ‘ಮ’ವನ್ನು ‘ವು’ ಅಂದಿದ್ದರೆ ಆ ಮಗುವಿಗೆ ವ ಗೊತ್ತು, ಕೊಂಬೂ ಗೊತ್ತು, ಎರಡರ ಆಕಾರ ಮಾತ್ರ ಬೆರೆತಿದೆ ಎಂದರ್ಥ. ಸುಮ್ಮನೆ ಕೂತ ಮಗುವಿನದು ಬೇರೆಯೇ ಕಥೆ.

ಒಂದು ಎಚ್ಚರಿಕೆ. ಪುಸ್ತಕದ ಪಾಠ ಕೊಟ್ಟರೆ ಕೆಲವರು ಹಾಳೆ ನೋಡದೆಯೇ ಗಡಗಡ ಹೇಳಿಬಿಡುತ್ತಾರೆ. ಸಾಲಿನ ನಡುವಿನ ಒಂದು ಪದಕ್ಕೆ ಬೆರಳಿಟ್ಟು ‘ಇದೇನು?’ ಅಂತ ಕೇಳಿದರೆ ಬಾಯಿಪಾಠವೋ ಓದೋ ಗೊತ್ತಾಗುತ್ತದೆ. ಕಾರ್ಡುಗಳ ಮೂಲಕ ಹಂತಹಂತವಾಗಿ ಕಲಿಸುವ ನಲಿ-ಕಲಿ ಪದ್ಧತಿಯ ಪ್ರಗತಿ ನೋಟದಲ್ಲಿ (ಕಲಿಕೆಯ ದಾಖಲೆಯಲ್ಲಿ) ಮೈಲಿಗಲ್ಲು ದಾಟಿದ ಗುರುತಿದ್ದರೂ ಈ ಪರೀಕ್ಷೆ ಬಿಡಬೇಡಿ. ಆ ಕಾರ್ಡು ಮುಗಿಸಿದ್ದಾನೆ ಅಂತಷ್ಟೇ ಗುರುತು ಹೇಳುತ್ತದೆ, ಇವತ್ತಿಗೂ ನೆನಪಿದೆ ಅಂತಲ್ಲ.

ಆಮೇಲೆ ತೊಡಕಿಗೆ ತಕ್ಕಂತೆ ನಾಲ್ಕೈದು ಮಕ್ಕಳ ಗುಂಪು ಮಾಡಿ. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ, ಆರರಿಂದ ಎಂಟು ವಾರ. ಅದರಲ್ಲಿ 5 ನಿಮಿಷ ನಿನ್ನೆಯದು, 10 ನಿಮಿಷ ಹೊಸದು, 10 ನಿಮಿಷ ಹೊಸದನ್ನು ಬಳಸಿದ ವಾಕ್ಯಗಳ ಓದು, 5 ನಿಮಿಷ ಉಕ್ತಲೇಖನ. ಎರಡು ವಾರಕ್ಕೊಮ್ಮೆ ಅದೇ ನಮೂನೆಯ ಹೊಸ ಹಾಳೆಯಲ್ಲಿ ಪರೀಕ್ಷೆ. ಬಹಳ ಕಡೆ ಈ ಅರ್ಧ ಗಂಟೆ ಕಾಪಿ ಬರೆಸುವುದರಲ್ಲೇ ಕಳೆದುಹೋಗುತ್ತದೆ. ಹತ್ತು ಸಲ ‘ಕ’ ಬರೆದ ಕೈ ದುಂಡಗೆ ಬರೆಯುವುದನ್ನು ಕಲಿಯುತ್ತದೆ, ಓದು ಅಲ್ಲೇ ಇರುತ್ತದೆ.

ನಮ್ಮ ಕಾಲದಾಗ ಅ ಆ ಇ ಈ ಕಲತಿವಿ. ಈಗ ಮಗ ಬಂದು ‘ರ ಗ ಸ ದ ಅ’ ಅಂತಾನ. ಇದೇನು ಪದ್ಧತಿ?
– ಪಾಲಕರು, ಸವದತ್ತಿ

ಇದು ನಲಿ-ಕಲಿಯ ಕ್ರಮ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ರ, ಗ, ಸ, ದ, ಅ ಐದೇ ಅಕ್ಷರ ಬಂದರೆ ಸಾಕು, ಸರ, ದರ, ಅರಸ, ಅಗಸ, ಗರಗಸ ಓದಬಹುದು. ಅ ಆ ಇ ಈ ಉ ಐದೂ ಬಂದರೆ ಏನು ಓದಬಹುದು, ನೀವೇ ನೋಡಿ. ವರ್ಣಮಾಲೆಯ ಸಾಲು ನಿಘಂಟು ನೋಡಲು ಬೇಕೇ ಬೇಕು, ಎರಡನೆಯ ಮೂರನೆಯ ತರಗತಿಯಲ್ಲಿ ಹಾಡಿನ ಹಾಗೆ ಕಲಿತರಾಯಿತು. ಮನೆಯಲ್ಲಿ ನೀವು ಇನ್ನೊಂದು ಕ್ರಮ ಹಿಡಿದು ಮಗನನ್ನು ಗೊಂದಲಕ್ಕೆ ಕೆಡವಬೇಡಿ.

ಮಕ್ಕಳು ಕಾಗುಣಿತ ಬಳ್ಳಿ ತಪ್ಪಿಲ್ಲದೆ ಹೇಳುತ್ತಾರೆ, ಬರೆಯುತ್ತಾರೆ. ‘ಕೊಡೆ’ ಓದು ಅಂದರೆ ನಿಲ್ಲುತ್ತಾರೆ. ಏಕೆ?
– ಶಿಕ್ಷಕ, ಬಾದಾಮಿ ತಾಲೂಕು

ಆ ಮಗುವಿನ ತುಟಿಯನ್ನು ಗಮನಿಸಿ. ‘ಕೊ’ ಕಂಡ ಕೂಡಲೇ ಒಳಗೊಳಗೇ ‘ಕ ಕಾ ಕಿ ಕೀ ಕು ಕೂ...’ ಎಂದು ಎಣಿಸುತ್ತಾ ಬರುತ್ತದೆ. ಬಳ್ಳಿ ಅದರ ಬಾಯಲ್ಲಿದೆ, ಗುರುತು ಕಣ್ಣಿಗೆ ಬಿದ್ದಿಲ್ಲ. ‘ಕೊ’ಗೆ ತಲುಪುವ ಹೊತ್ತಿಗೆ ಹಿಂದಿನ ಪದವೇ ಮರೆತಿರುತ್ತದೆ. ಇನ್ನು ‘ಡೆ’ಗೆ ಮತ್ತೆ ‘ಡ’ದಿಂದ ಎಣಿಸಬೇಕು.

ಕಾರಣ ಇಷ್ಟೇ: ಒಂದು ಅಕ್ಷರ ಹಿಡಿದು ಎಲ್ಲ ಗುರುತುಗಳನ್ನು ಉದ್ದಕ್ಕೆ ಹೇಳಿಸುತ್ತೇವೆ. ಮಗು ಕಲಿಯಬೇಕಾದದ್ದು ಅಡ್ಡಕ್ಕೆ, ಅಂದರೆ ಒಂದೇ ಗುರುತನ್ನು ಹಲವು ಅಕ್ಷರಗಳ ಮೇಲೆ. 34 ವ್ಯಂಜನಕ್ಕೆ ಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು ಆಕಾರಗಳಾಗುತ್ತವೆ. ಅವನ್ನು ಒಂದೊಂದಾಗಿ ಉರುಹೊಡೆಯುವುದು ಯಾರಿಂದಲೂ ಆಗದು. ಗುರುತುಗಳಾದರೆ ಹದಿಮೂರು–ಹದಿನಾಲ್ಕು. ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಕ್ಷರಕಲಿಕೆ ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ಕಂಡುಬಂದಿದೆ. ಹಾಗಾಗಿ ಒಂದನೆಯ ತರಗತಿಯಲ್ಲೇ ಎಲ್ಲ ಮುಗಿಸುವ ಅವಸರ ಬೇಡ.

ಹೀಗೆ ಮಾಡಿ. ಇಳಿಯಿಂದ ಆರಂಭಿಸಿ: ಕಾ, ಗಾ, ತಾ, ದಾ, ರಾ, ಸಾ. ಕೂಡಲೇ ಜೋಡಿ ಪದ ಓದಿಸಿ: ಮರ–ಮಾರ, ದರ–ದಾರ, ಸರ–ಸಾರ. ಇಲ್ಲಿ ಗುರುತು ನೋಡದೆ ಗತಿಯಿಲ್ಲ, ಊಹೆ ನಡೆಯುವುದಿಲ್ಲ. ಮೂರು–ನಾಲ್ಕು ದಿನಕ್ಕೆ ಒಂದು ಗುರುತು. ಆಮೇಲೆ ಗುಡಿಸು (ಗಿಡ, ಕಿವಿ), ಕೊಂಬು (ಕುರಿ, ಗುಡಿ, ಹುಲಿ), ಅದಾದ ಮೇಲೆ ಏತ್ವ (ಕೆರೆ, ತಲೆ). ಗುಡಿಸು, ಏತ್ವ ಎರಡೂ ಅಕ್ಷರದ ತಲೆಯ ಮೇಲೇ ಕೂರುವುದರಿಂದ ಮಕ್ಕಳು ಬೆರೆಸಿಕೊಳ್ಳುತ್ತಾರೆ. ಅವೆರಡರ ನಡುವೆ ಒಂದು ವಾರವಾದರೂ ಅಂತರವಿರಲಿ.

ದೀರ್ಘಗಳಲ್ಲಿ ಒಂದು ಅನುಕೂಲ ಉಂಟು. ಕೀ, ಕೇ, ಕೋ ಮೂರರಲ್ಲೂ ಬಲಕ್ಕೆ ಬರುವ ದೀರ್ಘದ ಗುರುತು ಒಂದೇ. ಕಿ, ಕೆ, ಕೊ ಗಟ್ಟಿಯಾದ ಮಗುವಿಗೆ ಆ ಒಂದು ಗುರುತು ತೋರಿಸಿದರೆ ಮೂರೂ ಬಂದಂತೆ. ಓತ್ವ ಕೂಡ ಹೊಸದೇನಲ್ಲ. ಮೇಲೆ ಏತ್ವ, ಪಕ್ಕದಲ್ಲಿ ಕೊಂಬಿನ ಇಳಿ (‘ಕೂ’ದಲ್ಲಿ ಬರುವ ಗುರುತು) ಕೂಡಿ ‘ಕೊ’ ಆಗಿದೆ. ಇದನ್ನು ಬೋರ್ಡಿನ ಮೇಲೆ ಬಣ್ಣದ ಸುಣ್ಣದಕಡ್ಡಿಯಿಂದ ಬಿಡಿಸಿ ತೋರಿಸಿ. ಇಷ್ಟು ದಿನ ಕಾಡಿದ್ದು ಇದೇನಾ ಅನ್ನಿಸುತ್ತದೆ ಮಕ್ಕಳಿಗೆ.

ರಟ್ಟಿನ ಮೇಲೆ ಅಕ್ಷರ ಬರೆದು, ಪಾರದರ್ಶಕ ಪ್ಲಾಸ್ಟಿಕ್ ಚೂರಿನ ಮೇಲೆ ಗುರುತು ಬರೆದು ಜರುಗಿಸುವ ಸಾಧನವನ್ನು ಹಲವರು ಮಾಡುತ್ತಾರೆ. ಒಳ್ಳೆಯದೇ, ಆದರೆ ಒಂದು ಕಡೆ ಕೆಡುತ್ತದೆ. ಇಳಿ, ಗುಡಿಸು, ಏತ್ವ ಬಂದಾಗ ತಲಕಟ್ಟು ಹೋಗುತ್ತದೆ, ಕೊಂಬು ಬಂದಾಗ ಉಳಿಯುತ್ತದೆ. ರಟ್ಟಿನ ಮೇಲೆ ತಲಕಟ್ಟಿನ ಸಮೇತ ‘ಕ’ ಬರೆದು ಅದರ ಮೇಲೆ ಗುಡಿಸು ಇಟ್ಟರೆ ಯಾವ ಪುಸ್ತಕದಲ್ಲೂ ಇಲ್ಲದ ಅಕ್ಷರ ಹುಟ್ಟುತ್ತದೆ. ರಟ್ಟಿನ ಮೇಲೆ ತಲಕಟ್ಟಿಲ್ಲದ ಒಡಲು ಮಾತ್ರ ಬರೆಯಿರಿ, ತಲಕಟ್ಟನ್ನೂ ಒಂದು ಚೂರಿನ ಮೇಲೆ ಮಾಡಿಕೊಳ್ಳಿ. ಖ, ಜ, ಟ, ಣ, ಬ, ಲ ಇವಕ್ಕೆ ತಲಕಟ್ಟೇ ಇಲ್ಲ, ಗುರುತು ಅಂಟುವ ರೀತಿಯೂ ಬೇರೆ. ಅವನ್ನು ಎರಡನೆಯ ಸುತ್ತಿಗೆ ಇಟ್ಟುಕೊಳ್ಳಿ. ಪು, ವು ಕೂಡ ಹಾಗೆಯೇ. ‘ವ’ಕ್ಕೆ ಉಳಿದವುಗಳಂತೆ ಕೊಂಬು ಕೊಟ್ಟರೆ ‘ಮ’ ಆಗಿಬಿಡುತ್ತದೆ, ಅದಕ್ಕೇ ಅಲ್ಲಿ ಕೊಂಬು ಕೆಳಗಿಳಿದಿದೆ.

ಬಳ್ಳಿ ಹೇಳಿಸುವುದನ್ನು ಬಿಡಬೇಕೆಂದೇನಿಲ್ಲ. ದಿನಕ್ಕೆ ಎರಡು ನಿಮಿಷ ಸಾಕು.

ನಾಲ್ಕನೆಯ ತರಗತಿಯ ಹುಡುಗ ‘ಕುಸ್ತಿ’ಯನ್ನು ‘ಕುಸಿತ’ ಎಂದೂ ‘ಸೂರ್ಯ’ವನ್ನು ‘ಸೂಯರ’ ಎಂದೂ ಓದುತ್ತಾನೆ. ಗಮನ ಕೊಡದೆ ಹೀಗಾಗುತ್ತದೆಯೇ?
– ಶಿಕ್ಷಕಿ, ಜಮಖಂಡಿ

ಗಮನ ಕೊಟ್ಟೇ ಓದಿದ್ದಾನೆ, ಕಂಡದ್ದನ್ನು ಕಂಡ ಹಾಗೆ ಓದಿದ್ದಾನೆ. ‘ಸ್ತಿ’ ಬರೆದು ನೋಡಿ. ಗುಡಿಸು ಕೂತಿರುವುದು ‘ಸ’ದ ಮೇಲೆ, ‘ತ’ ಇರುವುದು ಕೆಳಗೆ. ಕಣ್ಣಿಗೆ ಮೊದಲು ‘ಸಿ’, ಆಮೇಲೆ ‘ತ’. ನಾಲಿಗೆಗೆ ಮಾತ್ರ ‘ಸ್’ ಮೊದಲು, ‘ತಿ’ ಆಮೇಲೆ. ಮೇಲಿನ ಗುರುತು ಕೆಳಗಿನ ಒತ್ತಿಗೆ ಸೇರಬೇಕು ಎಂಬುದನ್ನು ಯಾರಾದರೂ ಬಾಯಿಬಿಟ್ಟು ಹೇಳಿಕೊಡಬೇಕು. ಹೆಚ್ಚಿನ ತರಗತಿಗಳಲ್ಲಿ ಈ ಮಾತು ಬರುವುದೇ ಇಲ್ಲ. ಅರ್ಕಾವತ್ತಿನಲ್ಲಿ (‘ಸೂರ್ಯ’ದ ಕೊನೆಗೆ ಬರೆಯುವ ಗುರುತು) ಇದು ತಿರುಗುಮುರುಗು: ‘ರ್’ ಮೊದಲು ನುಡಿಯಬೇಕು, ಬರೆಯುವುದು ಕೊನೆಗೆ.

ಕಲಿಸುವಾಗ ಅಕ್ಕ, ಅಮ್ಮ, ಅಪ್ಪದಂಥ ಸಜಾತಿ ಒತ್ತಕ್ಷರದಿಂದ ಹೊರಡಿ. ಅವು ಬಂದ ಮೇಲೆ ಹಕ್ಕಿ, ಬೆಕ್ಕು. ಇಲ್ಲೇ ‘ಹಕಿಕ’ ಅನ್ನುವ ಮಗು ಸಿಕ್ಕಿಬೀಳುತ್ತದೆ. ಪದವನ್ನು ‘ಹಕ್ – ಕಿ’, ‘ಕುಸ್ – ತಿ’ ಎಂದು ಎರಡು ತುಂಡು ಬರೆದು, ಅದರ ಕೆಳಗೆ ಕೂಡಿಸಿ ಬರೆದು, ಗುಡಿಸಿನಿಂದ ಒತ್ತಿಗೆ ಒಂದು ಬಾಣ ಎಳೆಯಿರಿ. ದಿನಕ್ಕೆ ಐದಾರು ಪದ. ವಾರ ಕಳೆದ ಮೇಲೆ ಬಾಣ ತೆಗೆಯಿರಿ.

ಒತ್ತುಗಳಲ್ಲಿ ಬೇರೆಯಾಗಿ ಕಲಿಸಬೇಕಾದವು ತ, ನ, ಮ, ಯ, ರ, ಲ. ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆ ಕಡಿಮೆ. ಉಳಿದವು ಬಹುಮಟ್ಟಿಗೆ ತಲಕಟ್ಟು ಕಳಚಿದ ಸಣ್ಣ ಅಕ್ಷರಗಳೇ. ಅರ್ಕಾವತ್ತನ್ನು ಕೊನೆಗೆ ಇಟ್ಟುಕೊಳ್ಳಿ: ಸೂರ್ಯ, ವರ್ಷ, ಮಾರ್ಗ.

ಮಕ್ಕಳು ‘ಮನೆ’ಯನ್ನು ‘ಮನಿ’, ‘ಶಾಲೆ’ಯನ್ನು ‘ಸಾಲಿ’ ಎಂದು ಓದುತ್ತಾರೆ. ಪರೀಕ್ಷೆ ಮಾಡುವಾಗ ತಪ್ಪು ಹಾಕಬೇಕೋ ಬೇಡವೋ?
– ಶಿಕ್ಷಕ, ಮುದ್ದೇಬಿಹಾಳ ತಾಲೂಕು

ಹಾಕಬೇಡಿ. ನಮ್ಮ ಕಡೆ ಪದದ ಕೊನೆಯ ಎಕಾರ ಇಕಾರವಾಗುತ್ತದೆ: ಮನಿ, ಕೆರಿ, ತಲಿ, ಎಲಿ. ‘ಮನೆ’ ಕಂಡು ‘ಮನಿ’ ಅಂದ ಮಗು ಪದವನ್ನು ಗುರುತಿಸಿ, ಅರ್ಥ ಹಿಡಿದು, ತನ್ನ ಮಾತಿನಲ್ಲಿ ಹೇಳಿದೆ. ಓದು ಅಂದರೆ ಅದೇ ಅಲ್ಲವೇ!

ಆದರೆ ಗುಡಿಸು–ಏತ್ವದ ನಿಜವಾದ ಗೊಂದಲವೂ ಹೀಗೇ ಕೇಳಿಸುತ್ತದೆ. ಬೇರ್ಪಡಿಸಲು ಪದದ ಮೊದಲ ಅಕ್ಷರ ನೋಡಿ. ಆಡುಮಾತಿನಲ್ಲೂ ಮೊದಲಿನ ಎಕಾರ ಹಾಗೇ ಉಳಿಯುತ್ತದೆ. ‘ತೆನೆ’ಯನ್ನು ‘ತೆನಿ’ ಅಂದರೆ ಅದು ಊರಿನ ಮಾತು, ‘ತಿನಿ’ ಅಂದರೆ ಅಕ್ಷರದ ತೊಡಕು. ‘ನೆಲ’ವನ್ನು ‘ನಿಲ’ ಅಂದರೂ ಅಷ್ಟೇ. ಅನುಮಾನ ಉಳಿದರೆ ನಿ, ನೆ, ನಾ, ನು ಬರೆದು ‘ನೆ ಯಾವುದೈತಿ ತೋರಿಸು’ ಅನ್ನಿ.

ಓದುವಾಗ ನಡುವೆ ತಡೆದು ತಿದ್ದಬೇಡಿ. ಪುಟ ಮುಗಿದ ಮೇಲೆ ‘ಹಾಳಿ ಮ್ಯಾಲ ಹೆಂಗ ಬರದೈತಿ, ಹಂಗ ಒಮ್ಮೆ ಹೇಳು’ ಅಂದರೆ ಸಾಕು. ಉಕ್ತಲೇಖನದಲ್ಲಿ ಮಾತ್ರ ‘ಮನೆ’ಯನ್ನೇ ಬರೆಸಬೇಕು. ಪುಸ್ತಕದ ಕನ್ನಡ ಬೇರೆ, ಮಾತು ಬೇರೆ, ಎರಡೂ ನಿನ್ನವೇ ಎಂದು ಹೇಳಿಕೊಟ್ಟರೆ ಮಕ್ಕಳಿಗೆ ತಿಳಿಯುತ್ತದೆ. ಮಾತೇ ತಪ್ಪು ಅಂದರೆ ಮಗು ಬಾಯಿಮುಚ್ಚುತ್ತದೆ, ಆಮೇಲೆ ಅದರ ಓದನ್ನು ಅಳೆಯುವುದಾದರೂ ಹೇಗೆ?

ನಮ್ಮದು ತಾಂಡಾದ ಶಾಲೆ. ಮಕ್ಕಳು ಕೂಡಿಸಿ ಓದುತ್ತಾರೆ, ಅರ್ಥ ಕೇಳಿದರೆ ಸುಮ್ಮನಿರುತ್ತಾರೆ.
– ಶಿಕ್ಷಕಿ, ವಿಜಯಪುರ ತಾಲೂಕು
(ಮನೆಮಾತು ಮರಾಠಿಯಾದ ಮಕ್ಕಳ ಬಗ್ಗೆ ಖಾನಾಪುರದಿಂದಲೂ ಪತ್ರ ಬಂದಿದೆ.)

ಲಂಬಾಣಿ ಮನೆಯ ಮಗುವಿಗೆ ‘ಕಣ’, ‘ರಾಶಿ’ ಓದಲು ಬಂದರೂ ಆ ಪದ ಕಿವಿಗೇ ಬಿದ್ದಿಲ್ಲದಿದ್ದರೆ ಅರ್ಥ ಎಲ್ಲಿಂದ ಬರಬೇಕು? ಇಲ್ಲಿ ಅಕ್ಷರದ ಪಾಠ ಹೆಚ್ಚಿಸಿ ಉಪಯೋಗವಿಲ್ಲ, ಮಾತಿನ ಪಾಠ ಬೇಕು. ದಿನದ ಮೊದಲ ಹತ್ತು–ಹದಿನೈದು ನಿಮಿಷ ಒಂದು ಚಿತ್ರ ಅಥವಾ ವಸ್ತು ಇಟ್ಟು ಮಾತಾಡಿಸಿ. ಉತ್ತರ ಲಂಬಾಣಿಯಲ್ಲಿ ಬರಲಿ. ಅದನ್ನೇ ನೀವು ಕನ್ನಡದಲ್ಲಿ ತಿರುಗಿ ಹೇಳಿ, ಮಗುವಿನಿಂದ ಹೇಳಿಸಿ. ನಿಮಗೆ ಲಂಬಾಣಿ ಬಾರದಿದ್ದರೆ ಐದನೆಯ ತರಗತಿಯ ಒಬ್ಬ ಹುಡುಗಿ ಜೊತೆಗಿರಲಿ. ದಿನಕ್ಕೆ ಐದು ಹೊಸ ಪದ, ಪ್ರತಿಯೊಂದೂ ಮೂರು ಬೇರೆ ಬೇರೆ ವಾಕ್ಯದಲ್ಲಿ. ಪಾಠ ಓದಿಸುವ ಮೊದಲೇ ಕಥೆ ಹೇಳಿಬಿಡಿ. ಗುಟ್ಟು ಒಡೆಯಿತೆಂಬ ಚಿಂತೆ ಬೇಡ, ಗೊತ್ತಿರುವ ಕಥೆಯನ್ನು ಓದುವುದೇ ಸುಲಭ.

ಖಾನಾಪುರದವರಿಗೆ: ಮರಾಠಿಯಲ್ಲಿ ಎ–ಏ, ಒ–ಓ ಎಂಬ ಹ್ರಸ್ವ ದೀರ್ಘದ ಭೇದವಿಲ್ಲ. ಆ ಮಕ್ಕಳು ‘ಬೆಳೆ’, ‘ಬೇಳೆ’ ಎರಡನ್ನೂ ಒಂದೇ ಎಂದು ಕೇಳಿಸಿಕೊಳ್ಳಬಹುದು. ಅಕ್ಷರ ತೋರಿಸುವ ಮೊದಲು ಕಿವಿ ಪಳಗಿಸಿ. ಬೆಳೆ–ಬೇಳೆ, ಕೊಡು–ಕೋಡು ಹೇಳುತ್ತಾ ಹೋಗಿ, ಉದ್ದ ಕೇಳಿಸಿದಾಗ ಮಕ್ಕಳು ಕೈ ಅಗಲಿಸಲಿ. ವಾರವೊಂದು ಇದಾದ ಮೇಲೆ ದೀರ್ಘದ ಗುರುತು ಕಲಿಸಿ.

ನಿಮಿಷಕ್ಕೆ ಇಷ್ಟು ಪದ ಓದಬೇಕು ಅನ್ನುತ್ತಾರೆ. ದಿನಾ ಗಡಿಯಾರ ಹಿಡಿದು ಓದಿಸುತ್ತಿದ್ದೇವೆ. ಸರಿಯೇ?
– ಶಿಕ್ಷಕ, ಚಿಕ್ಕೋಡಿ

2021ರ ಜುಲೈ 5ರಂದು ಆರಂಭವಾದ, ಮಕ್ಕಳ ಓದು–ಲೆಕ್ಕಕ್ಕಾಗಿ ಇರುವ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿಯಲ್ಲಿ ಎರಡನೆಯ ತರಗತಿ ಮುಗಿಯುವಾಗ ನಿಮಿಷಕ್ಕೆ 45–60 ಪದ, ಮೂರನೆಯದರಲ್ಲಿ ಕನಿಷ್ಠ 60 ಪದ ಎಂದಿದೆ. ‘ಅರ್ಥಸಹಿತ’ ಎಂದೂ ಅಲ್ಲೇ ಇದೆ, ಅದನ್ನು ಬಿಟ್ಟು ಉಳಿದದ್ದನ್ನು ಎಲ್ಲರೂ ಹೇಳುತ್ತಾರೆ. ಕನ್ನಡದಲ್ಲಿ ‘ಆಡುತ್ತಿದ್ದವರಿಗೆಲ್ಲ’ ಕೂಡ ಒಂದು ಪದ, ‘ಆ’ ಕೂಡ ಒಂದು ಪದ. ಎರಡು ಪರಿಚ್ಛೇದಗಳ ವೇಗ ಹೋಲಿಸುವಾಗ ಅವುಗಳಲ್ಲಿರುವ ಒಟ್ಟು ಅಕ್ಷರಗಳೂ ಹೆಚ್ಚುಕಡಿಮೆ ಸಮ ಇವೆಯೇ ನೋಡಿಕೊಳ್ಳಿ.

ಗಡಿಯಾರ ಎರಡು ವಾರಕ್ಕೊಮ್ಮೆ ಸಾಕು, ಅದೂ ಮಗುವಿಗೆ ಕಾಣದಂತೆ. ದಿನಾ ಮಾಡಬೇಕಾದದ್ದು ಮರುಓದು. 30–40 ಪದಗಳ ಪರಿಚ್ಛೇದವನ್ನು ಮೊದಲು ನೀವು ಬೆರಳಿಟ್ಟು ಓದಿ, ಆಮೇಲೆ ಇಬ್ಬರೂ ಕೂಡಿ, ಆಮೇಲೆ ಮಗು ಒಂದೇ. ಮರುದಿನ ಅದನ್ನೇ ಇನ್ನೊಮ್ಮೆ. ಹತ್ತು ಪದದಲ್ಲಿ ಒಂಬತ್ತಾದರೂ ಸರಿ ಬಾರದಿದ್ದರೆ ಆ ಪಠ್ಯ ಭಾರವಾಯಿತು, ಹಗುರಾದದ್ದು ಕೊಡಿ. ಇಡೀ ತರಗತಿ ಒಟ್ಟಿಗೆ ಕೂಗಿ ಓದುವುದನ್ನು ಓದೆಂದು ಲೆಕ್ಕ ಹಿಡಿಯಬೇಡಿ. ಓದು ಬಾರದ ಮಗು ಪಕ್ಕದವನ ದನಿ ಕೇಳಿ ಅರೆಕ್ಷಣ ತಡವಾಗಿ ಬಾಯಾಡಿಸುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಕಬ್ಬು ಕಡಿಯಲು ಹೋದ ಕುಟುಂಬದ ಮಕ್ಕಳು ನಾಲ್ಕೈದು ತಿಂಗಳ ಮೇಲೆ ಬರುತ್ತಾರೆ. ಎಲ್ಲಿಂದ ಹಿಡಿಯಬೇಕು?
– ಶಿಕ್ಷಕ, ಇಂಡಿ ತಾಲೂಕು

ಬಂದ ವಾರದಲ್ಲೇ ಮೊದಲ ಉತ್ತರದ ಹಾಳೆಯಿಂದ ನೋಡಿ. ಮೂಲಾಕ್ಷರ ಉಳಿದಿರುತ್ತದೆ, ತೀರಾ ಈಚೆಗೆ ಕಲಿತ ಗುಣಿತ, ಒತ್ತಕ್ಷರ ಜಾರಿರುತ್ತದೆ. ಅಲ್ಲಿಂದ ಹಿಡಿಯಿರಿ. ಹೊರಡುವ ಮುನ್ನ ಮಗುವಿನ ಮಟ್ಟವನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮಲ್ಲೇ ಇಟ್ಟುಕೊಂಡಿರಿ, ಓದಲು ಬರುವ ಎರಡು ಸಣ್ಣ ಪುಸ್ತಕ ಕೈಗೆ ಕೊಟ್ಟು ಕಳಿಸಿ. ಹರಿದರೆ ಹರಿಯಲಿ.

ನಾನು ನೇಯುವಾಕಿ, ಅಕ್ಷರ ಬರೂದಿಲ್ಲ. ಮಗಳು ಎರಡನೇತ್ತೆ. ಮನ್ಯಾಗ ನಾ ಏನ ಮಾಡಬಹುದ್ರಿ?
– ತಾಯಿ, ಗುಳೇದಗುಡ್ಡ (ಪತ್ರ ಬರೆಸಿದ್ದು)

ಅಕ್ಕಾ, ನಿಮ್ಮಿಂದ ಆಗುವುದು ಬಹಳ ಇದೆ. ಸಂಜೆ ಹತ್ತು ನಿಮಿಷ ಮಗಳು ಮಗ್ಗದ ಪಕ್ಕ ಕೂತು ಬೆರಳಿಟ್ಟು ಓದಲಿ, ನೀವು ಕೇಳಿ. ಓದಿದ್ದು ಸರಿಯೋ ತಪ್ಪೋ ನಿಮಗೆ ಗೊತ್ತಾಗಬೇಕಿಲ್ಲ. ಮುಗಿದ ಮೇಲೆ ‘ಏನಿತ್ತು ಅದರಾಗ? ಮುಂದ ಏನಾತು?’ ಅಂತ ಕೇಳಿ. ಹೇಳಿದ್ದು ನಿಮಗೆ ತಿಳಿದರೆ ಓದಿದ್ದು ಸರಿಯಿದೆ. ಒಂದೇ ಪದದ ಮೇಲೆ ಪದೇಪದೇ ನಿಂತರೆ ಅಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕಿ ಇಡಿಸಿ, ಮರುದಿನ ಬಾಯಾರು (ಶಿಕ್ಷಕಿ) ನೋಡಲಿ. ಸಂತೆಗೆ ಹೋದಾಗ ಅಂಗಡಿಯ ಹೆಸರು, ಬಸ್ಸಿನ ಬೋರ್ಡು ಓದಿಸಿ. ನೀವು ಹಾಡುವ ಬೀಸುಕಲ್ಲಿನ ಪದ, ಸೋಬಾನೆ ಪದ ಅವಳಿಗೂ ಕಲಿಸಿ, ಬಾಯಲ್ಲಿ ಕನ್ನಡ ತುಂಬಿದ ಮಗುವಿಗೆ ಪುಸ್ತಕದ ಕನ್ನಡ ಬೇಗ ಹತ್ತುತ್ತದೆ. ಹತ್ತು ಸಲ ಬರೆಸುವ ಟ್ಯೂಷನ್ನಿಗೆ ದುಡ್ಡು ಕೊಡಬೇಡಿ.

ಎಂಟು ವಾರ ಕಲಿಸಿದರೂ ಒಬ್ಬಳು ಮುಂದೆ ಬರುತ್ತಿಲ್ಲ. ಡಿಸ್ಲೆಕ್ಸಿಯಾ (ಓದು ಕಲಿಯಲು ಅಡ್ಡಿಯಾಗುವ ತೊಂದರೆ) ಇರಬಹುದೇ?
– ಶಿಕ್ಷಕಿ, ಹುನಗುಂದ ತಾಲೂಕು

ಆ ಹೆಸರು ಹಚ್ಚುವ ಮೊದಲು ಮೂರು ನೋಡಿ. ಒಂದು, ಆ ಎಂಟು ವಾರದಲ್ಲಿ ಅವಳು ಎಷ್ಟು ದಿನ ಬಂದಿದ್ದಳು? ಹಾಜರಿ ಪುಸ್ತಕ ತೆಗೆಯಿರಿ. ಎರಡು, ಕಣ್ಣು. ಬೋರ್ಡಿನಿಂದ ಬರೆದುಕೊಳ್ಳುವಾಗ ಕಣ್ಣು ಕಿರಿದು ಮಾಡುತ್ತಾಳೆಯೇ, ಪುಸ್ತಕ ಮೂಗಿಗೆ ಹಿಡಿಯುತ್ತಾಳೆಯೇ? ಮೂರು, ಕಿವಿ. ಬೆನ್ನ ಹಿಂದೆ ಮೆಲ್ಲನೆ ಕರೆದರೆ ತಿರುಗುತ್ತಾಳೆಯೇ? ಕಿವಿ ಸೋರುವ ಮಕ್ಕಳು ಪ, ಬ ಭೇದ ಹಿಡಿಯದೆ ಒದ್ದಾಡುವುದುಂಟು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ತಪಾಸಣೆಗೆ ಬಂದಾಗ ಇವಳ ಹೆಸರನ್ನು ನೀವೇ ಮುಂದಾಗಿ ಹೇಳಿ. ಸಾಲಿನಲ್ಲಿ ನಿಂತ ಮಕ್ಕಳಲ್ಲಿ ಇಂಥದ್ದು ತಪ್ಪಿಹೋಗುತ್ತದೆ.

ಮೂರೂ ಸರಿಯಿದ್ದು, ಮಾತಿನಲ್ಲಿ ಚುರುಕಿದ್ದು, ದಿನಾ ಬಂದೂ ಅಕ್ಷರ ನಿಲ್ಲದಿದ್ದರೆ ಬಿ.ಆರ್.ಸಿ.ಯಲ್ಲಿರುವ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಗೆ ತಿಳಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಆದರೆ ಪ್ರಮಾಣಪತ್ರ ಕೊಡುವುದು ಎಂಟು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಕಲಿಸುವುದನ್ನು ನಿಲ್ಲಿಸಬೇಡಿ: ಗುಂಪನ್ನು ಇಬ್ಬರಿಗೆ ಇಳಿಸಿ, ವಾರಕ್ಕೆ ಎರಡೇ ಅಕ್ಷರ, ಉಸುಕಿನ ಮೇಲೆ ಬೆರಳಲ್ಲಿ ಬರೆಯುತ್ತಾ ಅದರ ಧ್ವನಿಯನ್ನು ಜೋರಾಗಿ ಹೇಳಿಸಿ. ತಜ್ಞರ ಬಳಿ ಹೋಗುವಾಗ ಪಾಲಕರ ಕೈಯಲ್ಲಿ ಎರಡು ವಾರಕ್ಕೊಮ್ಮೆ ಮಾಡಿದ ಆ ಪರೀಕ್ಷೆಯ ಹಾಳೆಗಳನ್ನೆಲ್ಲ ಕೊಟ್ಟು ಕಳಿಸಿ, ಮಗು ಏನೇನು ಅಂದಿತ್ತು ಎಂದು ನೀವು ಬರೆದುಕೊಂಡದ್ದರ ಸಮೇತ.